ಪಾಸೌದಿಂದ ಬುಡಾಪೆಸ್ಟ್‌ಗೆ ಸೈಕಲ್‌ನಲ್ಲಿ: ಕಾಲಿಗೆಷ್ಟು ತಯಾರಿ, ದಾರಿಗೆಷ್ಟು ತಯಾರಿ?

ಓದುಗರ ಪ್ರಶ್ನೆ: ನನಗೆ 47 ವರ್ಷ. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವಾರದಲ್ಲಿ ಮೂರ್ನಾಲ್ಕು ದಿನ ಬೆಳಗ್ಗೆ 15-20 ಕಿ.ಮೀ., ಭಾನುವಾರ 40 ಕಿ.ಮೀ. ಸೈಕಲ್ ತುಳಿಯುವ ಅಭ್ಯಾಸ ಇದೆ. ಮ್ಯೂನಿಕ್‌ನಲ್ಲಿರುವ ತಮ್ಮನ ಜೊತೆ ಡ್ಯಾನ್ಯೂಬ್ ನದಿ ದಂಡೆಯಲ್ಲಿ ಜರ್ಮನಿಯ ಪಾಸೌದಿಂದ ಹಂಗೇರಿಯ ಬುಡಾಪೆಸ್ಟ್‌ವರೆಗೆ ಹೋಗುವ ಆಸೆ. ಸುಮಾರು 650 ಕಿ.ಮೀ., ದಿನಕ್ಕೆ 80ರಂತೆ ಎಂಟು ದಿನ ಸಾಕು ಅಂತ ಅವನ ಲೆಕ್ಕ. ನಮ್ಮ ಸೈಕಲ್ ಗುಂಪಿನವರು ಮೊದಲು 200 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿ, ದಿನಾ ಚಾಮುಂಡಿ ಬೆಟ್ಟ ಹತ್ತಿ ಅನ್ನುತ್ತಾರೆ. ತಮ್ಮ ಮಾತ್ರ 'ಅಕ್ಕಾ, ಎಲ್ಲಾ ಸಪಾಟು, ಸುಮ್ನೆ ಬಾ' ಅನ್ನುತ್ತಾನೆ. ಕಳೆದ ತಿಂಗಳು ಒಮ್ಮೆ 60 ಕಿ.ಮೀ. ಹೋದೆ. ಚೆನ್ನಾಗಿಯೇ ಹೋಯಿತು, ಆದರೆ ಮಾರನೇ ದಿನ ಸೀಟಿನ ಮೇಲೆ ಕೂರೋಕೇ ಆಗಲಿಲ್ಲ, ಬಲ ಮಂಡಿಯ ಮುಂಭಾಗ ಎರಡು ದಿನ ನೋಯುತ್ತಿತ್ತು. ಜೆಲ್ ಕವರ್ ಹಾಕಿಸಲೇ? ಜೂನ್ ಒಳ್ಳೆಯದೋ ಸೆಪ್ಟೆಂಬರೋ? ನನ್ನ ಸೈಕಲ್ ಒಯ್ಯಲೋ, ಅಲ್ಲೇ ಬಾಡಿಗೆಗೆ ತಗೊಳ್ಳಲೋ? ನಾನು ಸಸ್ಯಾಹಾರಿ. ನನ್ನಿಂದ ಆಗುತ್ತದಾ?

ಉತ್ತರ: ಆಗುತ್ತದೆ ಮೇಡಂ. ಆದರೆ ಎಂಟು ದಿನದಲ್ಲಿ ಬೇಡ.

ನಿಮ್ಮ ಪ್ರಶ್ನೆಯಲ್ಲಿ ಕಿಲೋಮೀಟರ್ ಲೆಕ್ಕ ಬೇಕಾದಷ್ಟಿದೆ. ನನ್ನ ಕಣ್ಣು ನಿಂತಿದ್ದು 'ಮಾರನೇ ದಿನ' ಅನ್ನುವ ಸಾಲಿನ ಮೇಲೆ. 60 ಕಿ.ಮೀ. ನೀವು ಆರಾಮಾಗಿ ತುಳಿದಿದ್ದೀರಿ. ಅಂದರೆ ಉಸಿರು, ತೊಡೆ, ದಮ್ಮು ಎಲ್ಲಾ ಸರಿಯಾಗಿದೆ. ಕೈಕೊಟ್ಟಿದ್ದು ಸೀಟು ಮತ್ತು ಮಂಡಿ, ಅದೂ ಮರುದಿನ. ಪ್ರವಾಸ ಅಂದರೆ ಬರೀ ಮರುದಿನಗಳೇ ಅಲ್ವಾ? ಸೈಕಲ್ ಪ್ರವಾಸಕ್ಕೆ ಜನರನ್ನು ತಯಾರು ಮಾಡುವ ಈ ಕೆಲಸದಲ್ಲಿ, ಕಾಲಲ್ಲಿ ಶಕ್ತಿ ಇಲ್ಲದೆ ಅರ್ಧಕ್ಕೆ ನಿಲ್ಲಿಸಿದವರನ್ನು ನಾನು ಕಂಡಿದ್ದು ತೀರಾ ಕಡಿಮೆ. ನಿಲ್ಲಿಸುವವರೆಲ್ಲ ಸಾಮಾನ್ಯವಾಗಿ ಮೂರನೇ ದಿನವೋ ನಾಲ್ಕನೇ ದಿನವೋ ನಿಲ್ಲಿಸುತ್ತಾರೆ. ಕೂರುವ ಜಾಗ ಉರಿ, ಮಂಡಿ ನೋವು, ಇಲ್ಲವೇ ಕಿರುಬೆರಳು ಜೋಮು. ಹಾಗಾಗಿ ತರಬೇತಿ ಇರಲಿ, ದಾರಿಯ ಯೋಜನೆ ಇರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ಬೆಳಗ್ಗೆ ನಾನು ಮತ್ತೆ ಸೈಕಲ್ ಹತ್ತುವ ಸ್ಥಿತಿಯಲ್ಲಿ ಇರುತ್ತೇನಾ?

ಈ ಕಡೆಯಿಂದ ನೋಡಿದರೆ ನಿಮ್ಮ ಗುಂಪಿನವರ ಮಾತೂ ಪೂರ್ತಿ ಸರಿಯಿಲ್ಲ, ತಮ್ಮನ ಮಾತೂ ಸರಿಯಿಲ್ಲ.

ಬ್ರೆವೆ ಒಳ್ಳೆಯ ಆಟ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಗಡುವು. ಆದರೆ ಅದು ಗಡಿಯಾರದ ವಿರುದ್ಧದ ಆಟ. 200 ಮುಗಿಸಿದವರು ಮಾರನೇ ದಿನ ಮಧ್ಯಾಹ್ನದ ತನಕ ಮಲಗಿದರೂ ಕೇಳುವವರಿಲ್ಲ. ನಿಮಗೆ ಬೇಕಾದ್ದು ದಿನಕ್ಕೆ 50-60 ಕಿ.ಮೀ., ಹಿಂದೆ ಚೀಲ ಹೇರಿಕೊಂಡು, ಹತ್ತು ಹನ್ನೆರಡು ದಿನ. ಎರಡೂ ಬೇರೆ ಬೇರೆ ಸಾಮರ್ಥ್ಯ. ಇಷ್ಟ ಇದ್ದರೆ ಬ್ರೆವೆ ಮಾಡಿ, ಈ ಪ್ರವಾಸಕ್ಕೆ ಅದು ಶರತ್ತು ಅಲ್ಲ.

'ಎಲ್ಲಾ ಸಪಾಟು' ಅನ್ನುವುದು ನಿಜವೇ. ಪಾಸೌ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರ, ವಿಯೆನ್ನಾ ಸುಮಾರು 160. ನದಿ ಜೊತೆ ಕೆಳಗೆ ಹೋಗುತ್ತೀರಿ, ಆದರೆ ಅಷ್ಟು ದೂರಕ್ಕೆ ಆ ಇಳಿಜಾರು ಗೊತ್ತೇ ಆಗುವುದಿಲ್ಲ. ತೊಂದರೆ ಇರುವುದೂ ಇಲ್ಲೇ. ಏರಿನಲ್ಲಿ ಎದ್ದು ನಿಂತು ತುಳಿಯುತ್ತೀರಿ, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಸೊಂಟ ಸಡಿಲಿಸುತ್ತೀರಿ. ಸಪಾಟಿನಲ್ಲಿ ಇದ್ಯಾವುದೂ ಇಲ್ಲ. ಒಂದೇ ಭಂಗಿ, ಒಂದೇ ಜಾಗದ ಮೇಲೆ ಭಾರ, ಗಂಟೆಗಟ್ಟಲೆ ನಿಲ್ಲದ ಪೆಡಲ್. ಕೂರುವ ಜಾಗಕ್ಕೆ ಬೆಟ್ಟಕ್ಕಿಂತ ಬಯಲೇ ಜಾಸ್ತಿ ಕಷ್ಟ. ಜೊತೆಗೆ ಗಾಳಿ. ಡ್ಯಾನ್ಯೂಬ್ ಕಣಿವೆಯಲ್ಲಿ ಪಶ್ಚಿಮದ ಗಾಳಿ ಜಾಸ್ತಿ, ಅದಕ್ಕೇ ಬಹುತೇಕರು ಪಾಸೌದಿಂದ ಪೂರ್ವಕ್ಕೆ ಹೋಗುವುದು. ಆದರೆ ಗಾಳಿಗೆ ಯಾರ ಹಂಗೂ ಇಲ್ಲ. ವಿಯೆನ್ನಾ ದಾಟಿದ ಮೇಲೆ, ನದಿ ಒಡ್ಡಿನ ನೇರ ಏರಿಗಳ ಮೇಲೆ ಅದು ಎದುರಿಗೆ ತಿರುಗಿದರೆ ಗಂಟೆಗೆ 16 ಹೋಗುತ್ತಿದ್ದ ಸೈಕಲ್ 10ಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಜೋತುಬಿದ್ದ ಎರಡು ಚೀಲವೂ ಗಾಳಿಯನ್ನು ಹಿಡಿಯುತ್ತವೆ.

ಅದಕ್ಕೇ ಚಾಮುಂಡಿ ಬೆಟ್ಟದ ಲೆಕ್ಕ ಸದ್ಯಕ್ಕೆ ಪಕ್ಕಕ್ಕಿಡಿ. ವಾರಕ್ಕೊಮ್ಮೆ ಹತ್ತಿ, ಖುಷಿಗೆ. ನಿಮ್ಮ ನಿಜವಾದ ಅಭ್ಯಾಸದ ಜಾಗ ಶ್ರೀರಂಗಪಟ್ಟಣದಿಂದ ಆಚೆ, ಮಂಡ್ಯ ಕಡೆಯ ನಾಲೆ ಏರಿಗಳು. ಸಪಾಟು, ಬಯಲು, ಮುಖಕ್ಕೆ ಗಾಳಿ. ಡ್ಯಾನ್ಯೂಬಿಗೆ ಇಷ್ಟು ಹತ್ತಿರದ ದಾರಿ ಮೈಸೂರಿನ ಸುತ್ತ ಇನ್ನೊಂದಿಲ್ಲ.

ಈಗ ಸೀಟಿನ ವಿಷಯ. ಸ್ವಲ್ಪ ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೂತಾಗ ಭಾರ ಬೀಳಬೇಕಾದ್ದು ಪೃಷ್ಠದ ಕೆಳಗೆ ಸಿಗುವ ಎರಡು ಮೂಳೆಗಳ ಮೇಲೆ. ಗಟ್ಟಿ ಮರದ ಬೆಂಚಿನ ಮೇಲೆ ಅಂಗೈ ಇಟ್ಟು ಅದರ ಮೇಲೆ ಕೂತರೆ ಅವು ತಿಳಿಯುತ್ತವೆ. ಹೆಂಗಸರಲ್ಲಿ ಸಾಮಾನ್ಯವಾಗಿ ಆ ಮೂಳೆಗಳ ನಡುವಿನ ಅಂತರ ಜಾಸ್ತಿ. ಸೈಕಲ್ ಜೊತೆ ಬರುವ ಕಿರಿದಾದ ಸೀಟಿನಲ್ಲಿ ಮೂಳೆಗಳು ಅಂಚಿನಿಂದ ಹೊರಗೆ ಉಳಿದು, ಭಾರ ನಡುವಿನ ಮೆತ್ತನೆ ಭಾಗದ ಮೇಲೆ ಬೀಳುತ್ತದೆ. ಅಲ್ಲಿ ನರ ಇದೆ, ರಕ್ತನಾಳ ಇದೆ. ಜೋಮು ಬರುವುದು ಅದರಿಂದ. ಜೆಲ್ ಕವರ್ ಹಾಕಿದರೆ ಮೂಳೆಗಳು ಜೆಲ್‌ನೊಳಗೆ ಹೂತುಹೋಗುತ್ತವೆ, ನಡುವಿನ ಜೆಲ್ ಉಬ್ಬಿ ಆ ಮೆತ್ತನೆ ಭಾಗವನ್ನೇ ಇನ್ನಷ್ಟು ಒತ್ತುತ್ತದೆ. ಅರ್ಧ ಗಂಟೆಗೆ ಹಿತ, ಮೂರು ಗಂಟೆಗೆ ಹಿಂಸೆ. ಬೇಡ.

ಬೇಕಾದ್ದು ನಿಮ್ಮ ಅಳತೆಗೆ ಅಗಲವಾದ, ಸ್ವಲ್ಪ ಗಟ್ಟಿಯಾದ, ನಡುವೆ ತೆರವು ಇರುವ ಸೀಟು. ಮೂಳೆ ಅಂತರ ಅಳೆದು ಕೊಡುವ ಅಂಗಡಿ ಸಿಕ್ಕರೆ ಒಳ್ಳೆಯದು. ಜೊತೆಗೆ ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್. ಅದನ್ನು ಒಳಉಡುಪು ಇಲ್ಲದೆ ಹಾಕಬೇಕು. ಇದನ್ನು ಅಂಗಡಿಯವರು ಸಂಕೋಚಕ್ಕೆ ಹೇಳುವುದಿಲ್ಲ, ಕೊಳ್ಳುವವರು ಸಂಕೋಚಕ್ಕೆ ಕೇಳುವುದಿಲ್ಲ, ಒಳಉಡುಪಿನ ಹೊಲಿಗೆ ಮಾತ್ರ ದಿನವಿಡೀ ಚರ್ಮ ಉಜ್ಜುತ್ತಿರುತ್ತದೆ. ಮೇಲೆ ಸಡಿಲವಾದ ಪ್ಯಾಂಟ್ ಹಾಕಿಕೊಂಡರಾಯಿತು. ಎರಡು ಜೊತೆ ಸಾಕು, ಒಂದು ತೊಟ್ಟಾಗ ಇನ್ನೊಂದು ಒಣಗುತ್ತಿರಲಿ. ಉಜ್ಜುವ ಜಾಗಕ್ಕೆ ಸವರಲು ಕ್ರೀಮ್, ಇಲ್ಲದಿದ್ದರೆ ವ್ಯಾಸಲೀನ್. ಸೈಕಲ್ ಇಳಿದ ತಕ್ಷಣ ಆ ಶಾರ್ಟ್ಸ್ ಬಿಚ್ಚಿ, ಒದ್ದೆಯಲ್ಲಿ ಕೂತು ಕಾಫಿ ಕುಡಿಯಬೇಡಿ. ದಾರಿಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಪೆಡಲ್ ಮೇಲೆ ಎದ್ದು ನಿಲ್ಲಿ. ಇದು ರೂಢಿಯಾಗುವ ತನಕ ಮೊಬೈಲ್‌ನಲ್ಲಿ ಅಲಾರಂ ಇಡಿ. ಹೊಸ ಸೀಟಿಗೆ ಮೈ ಹೊಂದಿಕೊಳ್ಳಲು ಕೆಲವು ವಾರ ಬೇಕು, ಹಾಗಾಗಿ ಇವತ್ತೇ ಶುರು ಮಾಡಿ.

ಮಂಡಿಯ ಮುಂಭಾಗ ನೋಯುವುದಕ್ಕೆ ಸಾಮಾನ್ಯ ಕಾರಣ ಎರಡು: ಸೀಟು ತಗ್ಗಾಗಿರುವುದು, ಗೇರ್ ಭಾರವಾಗಿರುವುದು. ನಿಂತಾಗ ಎರಡೂ ಕಾಲು ನೆಲಕ್ಕೆ ತಾಗಲಿ ಅಂತ ನಮ್ಮಲ್ಲಿ ಬಹಳ ಜನ ಸೀಟು ಇಳಿಸಿಕೊಳ್ಳುತ್ತಾರೆ. ಆಗ ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚಿ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು, ಸೊಂಟ ಒಂದು ಪಕ್ಕಕ್ಕೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಬಂದಾಗ ಮಂಡಿಯಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಒಂದೇ ಸಲ ಎತ್ತಬೇಡಿ, ಅರ್ಧ ಸೆಂಟಿಮೀಟರ್ ಎತ್ತಿ ಒಂದು ವಾರ ತುಳಿಯಿರಿ. ನೋವು ಮಂಡಿಯ ಹಿಂಭಾಗಕ್ಕೆ ಬಂದರೆ ಎತ್ತಿದ್ದು ಜಾಸ್ತಿಯಾಯಿತು ಅಂತ ಅರ್ಥ. ಗೇರ್ ಹಗುರ ಮಾಡಿ ನಿಮಿಷಕ್ಕೆ 80ರ ಸುಮಾರಿಗೆ ಪೆಡಲ್ ತಿರುಗಿಸುವುದನ್ನು ಕಲಿಯಿರಿ. ಮೊದಲು ಸುಮ್ನೆ ಕಾಲಾಡಿಸಿದ ಹಾಗೆ ಅನಿಸುತ್ತದೆ, ಎರಡು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಇಷ್ಟಾದರೂ ಮಂಡಿ ಊದಿಕೊಂಡರೆ, ಮೆಟ್ಟಿಲು ಇಳಿಯುವಾಗ ಕುಸಿದಂತಾದರೆ, ಅದು ಸೀಟಿನ ಸಮಸ್ಯೆ ಅಲ್ಲ. ಮೂಳೆ ವೈದ್ಯರಿಗೆ ತೋರಿಸಿ. ಹೇಗೂ ಈ ವಯಸ್ಸಿನಲ್ಲಿ ಹೊರಡುವ ಮೊದಲು ಬಿಪಿ, ಸಕ್ಕರೆ, ಹೃದಯ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಅಭ್ಯಾಸಕ್ಕೆ ನಾಲ್ಕು ತಿಂಗಳು ಸಾಕು. ವಾರದ ನಡುವಿನ ಬೆಳಗಿನ ಓಡಾಟ ಈಗಿರುವಂತೆಯೇ ಇರಲಿ. ಅದರಲ್ಲಿ ಒಂದು ದಿನ ಮಾತ್ರ ಐದೈದು ನಿಮಿಷ ಏದುಸಿರು ಬರುವ ಹಾಗೆ ತುಳಿದು, ಮತ್ತೆ ನಿಧಾನಿಸಿ, ನಾಲ್ಕು ಸಲ ಮಾಡಿ. ಎದುರುಗಾಳಿಗೆ ಅದೇ ಮದ್ದು. ಬದಲಾಗಬೇಕಾದ್ದು ವಾರದ ಕೊನೆ. ಈಗ ಭಾನುವಾರ ಒಂದೇ ದಿನ 40 ಹೋಗುತ್ತಿದ್ದೀರಿ. ಅದನ್ನು 70ಕ್ಕೆ ಏರಿಸುವ ಬದಲು ಶನಿವಾರ 35, ಭಾನುವಾರ 35 ಮಾಡಿ. ಕಾಲೇಜಿನಲ್ಲಿ ಶನಿವಾರವೂ ಪಾಠ ಇದ್ದರೆ ಸಂಜೆ ಹೋಗಿ ಮಾರನೇ ಬೆಳಗ್ಗೆ ಮತ್ತೆ ಹೊರಡಿ, ವಿಶ್ರಾಂತಿ ಕಡಿಮೆ ಸಿಕ್ಕಷ್ಟೂ ಅಭ್ಯಾಸ ಒಳ್ಳೆಯದೇ. ನಿಧಾನಕ್ಕೆ ಎರಡೂ ದಿನ 60ರ ತನಕ ಬನ್ನಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಮೈ ಗಟ್ಟಿಯಾಗುವುದು ತುಳಿಯುವಾಗಲ್ಲ, ಸುಧಾರಿಸಿಕೊಳ್ಳುವಾಗ. ಒಂದು ಭಾನುವಾರ ತಪ್ಪಿದರೆ ಮುಂದಿನ ವಾರ ಸೇರಿಸಿ ತೀರಿಸಲು ಹೋಗಬೇಡಿ. ಮಂಡಿ ಕೆಡುವುದು ಅಂಥ ವಾರಗಳಲ್ಲೇ.

ಎರಡನೇ ತಿಂಗಳ ಕೊನೆಯಿಂದ ಕ್ಯಾರಿಯರ್‌ಗೆ ಚೀಲ ಹಾಕಿ. ಎರಡೂ ಪಕ್ಕ ಐದೈದು ಕೆ.ಜಿ. ಅಕ್ಕಿ ಮೂಟೆಯೇ ಸಾಕು. ಭಾರ ಹೇರಿದ ಸೈಕಲ್ ಬೇರೆಯದೇ ಪ್ರಾಣಿ. ನಿಲ್ಲಲು ಹೆಚ್ಚು ದೂರ ಬೇಕು, ತಿರುವಿನಲ್ಲಿ ಹಿಂಭಾಗ ಎಳೆಯುತ್ತದೆ, ತಳ್ಳಿಕೊಂಡು ಹೋಗುವಾಗ ಮೈಮೇಲೆ ಬೀಳಲು ನೋಡುತ್ತದೆ. ಇದನ್ನು ಮೊದಲ ಸಲ ಪಾಸೌ ರೈಲು ನಿಲ್ದಾಣದ ಎದುರು ಕಲಿಯುವುದು ಬೇಡ.

ಹೊರಡುವುದಕ್ಕೆ ಒಂದು ತಿಂಗಳಿರುವಾಗ ಮೂರು ದಿನದ ತಾಲೀಮು ಮಾಡಿ. ಮೊದಲ ದಿನ ಮೈಸೂರಿನಿಂದ ಮೇಲುಕೋಟೆ, ಸುಮಾರು 50 ಕಿ.ಮೀ., ಕೊನೆಗೆ ಒಳ್ಳೆಯ ಏರು. ಎರಡನೇ ದಿನ ಶ್ರವಣಬೆಳಗೊಳ, ಅದು ಹತ್ತಿರ. ಮೂರನೇ ದಿನ ವಾಪಸ್ ಮೈಸೂರು, 80ರ ಆಸುಪಾಸು. ಅಲ್ಲಿ ಒಯ್ಯುವ ಚೀಲ, ಅಲ್ಲಿ ತೊಡುವ ಬಟ್ಟೆ, ಅದೇ ಸೀಟು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಡಿ ಅಂತ ಹೇಳಬೇಕು, ಆದರೆ ಅಷ್ಟು ದೂರ ಹೋಗಿ ಗೊಮ್ಮಟನನ್ನು ನೋಡದೆ ಬರುವವರು ಯಾರು? ಹತ್ತಿ, ನಿಧಾನಕ್ಕೆ ಇಳಿಯಿರಿ. ಮೂರನೇ ದಿನದ ಮೊದಲ ಒಂದು ಗಂಟೆ ಹೇಗಿರುತ್ತದೆ ಅನ್ನುವುದು ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತದೆ. ಹೊರಡುವ ಮುಂಚಿನ ಎರಡು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ.

ಹೊಟ್ಟೆಯನ್ನೂ ಪಳಗಿಸಬೇಕು. ಎರಡು ಗಂಟೆಗೂ ಜಾಸ್ತಿ ತುಳಿಯುವ ದಿನ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 25-30 ಗ್ರಾಂ ಸಿಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಬಂದು ಇಡ್ಲಿ ತಿನ್ನುವ ಪದ್ಧತಿ 20 ಕಿ.ಮೀ.ಗೆ ನಡೆಯುತ್ತದೆ, 60ಕ್ಕೆ ನಡೆಯುವುದಿಲ್ಲ.

ಇನ್ನು ದಾರಿ. ಅಟ್ಲಾಂಟಿಕ್ ಸಮುದ್ರದಿಂದ ಕಪ್ಪು ಸಮುದ್ರದವರೆಗೆ ಹತ್ತು ದೇಶ ದಾಟುವ ಯೂರೋವೆಲೋ 6 ಅನ್ನುವ ಸೈಕಲ್ ದಾರಿಯ ಒಂದು ತುಂಡು ಇದು. ಆಸ್ಟ್ರಿಯಾದಲ್ಲಿ ಕೆಲವು ಕಡೆ ಇದಕ್ಕೆ ಆರ್1 ಅಂತಲೂ ಫಲಕ ಇರುತ್ತದೆ. ದಾರಿ ತಪ್ಪುವುದು ಕಷ್ಟ. ಯೋಜನೆ ಅಂದರೆ ಇಲ್ಲಿ ನಕ್ಷೆ ಹಿಡಿಯುವುದಲ್ಲ, ಎಲ್ಲಿ ಮಲಗುವುದು, ಕೈಲಾಗದ ದಿನ ಎಲ್ಲಿ ರೈಲು ಹತ್ತುವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು.

ತಮ್ಮನ ಲೆಕ್ಕದ ತಪ್ಪು ಇಲ್ಲಿದೆ. ಪಾಸೌದಿಂದ ಆಸ್ಟ್ರಿಯಾದ ಲಿಂಟ್ಸ್ ಸುಮಾರು 95-100 ಕಿ.ಮೀ. ದಿನಕ್ಕೆ 80 ಅಂತ ಹೊರಟವರು ಹುಮ್ಮಸ್ಸಿನಲ್ಲಿ ಮೊದಲ ದಿನವೇ ಲಿಂಟ್ಸ್ ಮುಟ್ಟಲು ನೋಡುತ್ತಾರೆ. ಆದರೆ ಇಡೀ ದಾರಿಯಲ್ಲಿ ರೈಲಿನ ಆಸರೆ ಕಡಿಮೆ ಇರುವುದು ಅಲ್ಲೇ. ನದಿ ಕಾಡುಗುಡ್ಡಗಳ ನಡುವೆ ಸುತ್ತಿಕೊಂಡು ಹೋಗುತ್ತದೆ, ರೈಲು ದಕ್ಷಿಣಕ್ಕೆ ವೆಲ್ಸ್ ಊರಿನ ಮೇಲೆ ಹೋಗಿಬಿಡುತ್ತದೆ. ವಿಮಾನದಲ್ಲಿ ಕೂತು ಊದಿದ ಕಾಲು, ಮೂರೂವರೆ ಗಂಟೆಯ ಹಗಲು-ರಾತ್ರಿ ವ್ಯತ್ಯಾಸ, ಹೊಸ ಸೈಕಲ್ ಬೇರೆ. ಮೊದಲ ದಿನ ಶ್ಲೋಗೆನ್ ಹತ್ತಿರ ನಿಲ್ಲಿ, 45 ಕಿ.ಮೀ. ಒಳಗೇ ಆಗುತ್ತದೆ. ಅಲ್ಲಿ ನದಿ ಪೂರ್ತಿ ಹಿಂದಕ್ಕೆ ತಿರುಗಿ ಮತ್ತೆ ಮುಂದಕ್ಕೆ ಹೊರಳುತ್ತದೆ, ನೋಡಲೆಂದೇ ಜನ ಬರುತ್ತಾರೆ. ದಡದಿಂದ ದಡಕ್ಕೆ ಸೈಕಲ್ ಸಮೇತ ದಾಟಿಸುವ ಸಣ್ಣ ದೋಣಿಗಳಿವೆ. ಅವು ಋತುವಿಗೆ ತಕ್ಕಂತೆ ನಡೆಯುತ್ತವೆ, ಸಂಜೆಗೆ ನಿಂತುಹೋಗುತ್ತವೆ. ಹಾಗಾಗಿ ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಬೆಳಗ್ಗೆಯೇ ತಿಳಿದುಕೊಳ್ಳಿ.

ಎರಡನೇ ದಿನ ಲಿಂಟ್ಸ್, ಮೂರನೇ ದಿನ ಗ್ರೈನ್, ನಾಲ್ಕಕ್ಕೆ ಮೆಲ್ಕ್. ಅಲ್ಲಿನ ಹಳದಿ ಬಣ್ಣದ ದೊಡ್ಡ ಮಠ ದೂರದಿಂದಲೇ ಕಾಣುತ್ತದೆ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 40 ಕಿ.ಮೀ. ಕಣಿವೆಗೆ ವಾಹೌ ಅಂತ ಹೆಸರು. ಯುನೆಸ್ಕೊ ಪಟ್ಟಿಯಲ್ಲಿದೆ. ದ್ರಾಕ್ಷಿ ತೋಟ, ಆಪ್ರಿಕಾಟ್ ಮರ, ಹಳೆಯ ಊರು. ಇಲ್ಲಿ ಸ್ಪಿಟ್ಸ್ ಅನ್ನುವ ಊರಲ್ಲಿ ಎಂಜಿನ್ನೇ ಇಲ್ಲದೆ ನದಿಯ ಸೆಳೆತದಲ್ಲೇ ತಂತಿ ಹಿಡಿದು ಆಚೆ ದಡಕ್ಕೆ ಸಾಗುವ ದೋಣಿ ಇದೆ. ಇಡೀ ಪ್ರವಾಸದಲ್ಲಿ ನಿಧಾನ ಮಾಡಬೇಕಾದ ದಿನ ಇದು. 40 ಕಿ.ಮೀ. ಅಂತ ಬೆಳಗ್ಗೆ ಹನ್ನೊಂದಕ್ಕೇ ಮುಗಿಸಿಬಿಡುವವರನ್ನು ಕಂಡರೆ ನನಗೆ ಬೇಸರ. ಆಮೇಲೆ ಟುಲ್ನ್ ಊರಲ್ಲಿ ಒಂದು ರಾತ್ರಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ವಿಯೆನ್ನಾ. ಅಲ್ಲಿ ಪೂರ್ತಿ ಒಂದು ದಿನ ಸೈಕಲ್ ಮುಟ್ಟಬೇಡಿ. ಗ್ರೈನ್, ಮೆಲ್ಕ್, ಕ್ರೆಮ್ಸ್, ಟುಲ್ನ್ ಎಲ್ಲಾ ಕಡೆ ರೈಲಿದೆ. ಊರೂರು ನಿಲ್ಲುವ ರೈಲಿನಲ್ಲಿ ಜಾಗ ಇದ್ದರೆ ಸೈಕಲ್ ಹತ್ತಿಸಬಹುದು. ದೂರದ ರೈಲ್‌ಜೆಟ್‌ನಂಥ ರೈಲಿಗೆ ಸೈಕಲ್‌ಗೂ ಮುಂಗಡ ಸೀಟು ಬೇಕು.

ವಿಯೆನ್ನಾದಿಂದ ಮುಂದೆ ಚಿತ್ರ ಬದಲಾಗುತ್ತದೆ. ಬ್ರಾಟಿಸ್ಲಾವಾ 65-70 ಕಿ.ಮೀ., ಬಹುಪಾಲು ನೇರ ಏರಿ, ನೆರಳಿಲ್ಲ, ಗಾಳಿ. ಸ್ಲೊವಾಕಿಯಾದಲ್ಲಿ ಊರ ಹೊರಗೆ ದೊಡ್ಡವರಿಗೂ ಹೆಲ್ಮೆಟ್ ಕಡ್ಡಾಯ. ಹಂಗೇರಿಯಲ್ಲಿ ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ ಬೇಕು. ಗ್ಯೋರ್ ದಾಟಿದ ಮೇಲೆ ಎಸ್ಟರ್ಗೋಮ್ ತನಕ ಕೆಲವು ಕಡೆ ಸೈಕಲ್ ದಾರಿ ಬಿಟ್ಟು ಲಾರಿ, ಕಾರು ಓಡುವ ರಸ್ತೆಗೇ ಇಳಿಯಬೇಕು. ಮೈಸೂರಿನ ರಸ್ತೆ ನೋಡಿದ ನಿಮಗೆ ಅದೇನು ಮಹಾ ಅನಿಸಬಹುದು. ಆದರೆ ಅಲ್ಲಿ ಗಾಡಿಗಳು ಹಾರ್ನ್ ಮಾಡದೆ ವೇಗವಾಗಿ ಬಂದು ಪಕ್ಕದಲ್ಲಿ ಹಾದುಹೋಗುತ್ತವೆ. ಆ ತುಂಡನ್ನು ಬುಡಾಪೆಸ್ಟ್ ಮೂಲಕ ಸುತ್ತಿ ಹೋಗುವ ರೈಲಿನಲ್ಲಿ ಕಳೆದು ಎಸ್ಟರ್ಗೋಮ್‌ನಿಂದ ಮತ್ತೆ ಸೈಕಲ್ ಹತ್ತಿದರೆ ನಷ್ಟ ಏನಿಲ್ಲ. ಅಲ್ಲಿಂದ ನದಿ ದಕ್ಷಿಣಕ್ಕೆ ತಿರುಗುವ ಜಾಗ ಸುಂದರ. ಕೊನೆಯ 20 ಕಿ.ಮೀ. ಬೇಡ ಅನಿಸಿದರೆ ಸೆಂಟೆಂಡ್ರೆಯಿಂದ ಬುಡಾಪೆಸ್ಟ್‌ಗೆ ಲೋಕಲ್ ರೈಲಿದೆ.

ಜೂನ್ ಮತ್ತು ಸೆಪ್ಟೆಂಬರ್ ಎರಡೂ ಒಳ್ಳೆಯ ತಿಂಗಳು. ಜುಲೈ, ಆಗಸ್ಟ್ ಮಾತ್ರ ಬಿಸಿಲು ಜಾಸ್ತಿ, ಜನವೂ ಜಾಸ್ತಿ, ಒಂದು ರಾತ್ರಿಗೆ ಕೋಣೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಜೂನ್‌ನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕು, ಸೆಪ್ಟೆಂಬರ್ ನಡುವಿನಲ್ಲಿ ಏಳಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನೆರೆ ಎರಡರಲ್ಲೂ ಬರಬಹುದು. 2013ರ ಜೂನ್‌ನಲ್ಲಿ ಪಾಸೌನಲ್ಲಿ ನೀರು 12.89 ಮೀಟರ್ ಮಟ್ಟ ಮುಟ್ಟಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಕೆಳ ಆಸ್ಟ್ರಿಯಾ ಅನ್ನುವ ರಾಜ್ಯದಲ್ಲಿ ದೊಡ್ಡ ನೆರೆ ಬಂದಿತ್ತು. ಹಾಗೇನಾದರೂ ಆದರೆ ದಂಡೆಯ ದಾರಿ ಮುಚ್ಚುತ್ತಾರೆ, ವಾದ ಮಾಡದೆ ರೈಲು ಹತ್ತಿ. ನಿಮಗೆ ನಾನು ಸೆಪ್ಟೆಂಬರ್ ಮೊದಲ ಅರ್ಧ ಹೇಳುತ್ತೇನೆ, ಕಾರಣ ನಿಮ್ಮ ಅಭ್ಯಾಸ. ಜೂನ್‌ಗೆ ಹೋಗುವುದಾದರೆ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಮಂಡ್ಯದ ಏರಿ ಮೇಲೆ ತುಳಿಯಬೇಕು. ಸೆಪ್ಟೆಂಬರ್ ಆದರೆ ಜೂನ್‌ನಿಂದ ಆಗಸ್ಟ್, ಮೋಡ, ತುಂತುರು. ಮಳೆಯಲ್ಲಿ ಬ್ರೇಕ್ ಹಿಡಿಯುವುದೂ ಅಭ್ಯಾಸ ಆಗುತ್ತದೆ.

ಬ್ರೇಕ್ ಅಂದಾಗ ನೆನಪಾಯಿತು, ಇದನ್ನು ಗಮನವಿಟ್ಟು ಓದಿ. ಬಾಡಿಗೆ ಸೈಕಲ್ ಅಲ್ಲಿ ಸುಲಭವಾಗಿ ಸಿಗುತ್ತದೆ, ಪಾಸೌದಲ್ಲಿ ಹತ್ತಿ ವಿಯೆನ್ನಾದಲ್ಲಿ ಬಿಟ್ಟುಹೋಗುವ ಏರ್ಪಾಡೂ ಇದೆ. ಆದರೆ ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈ ಬ್ರೇಕ್ ಮುಂದಿನದು. ಗಾಬರಿಯಲ್ಲಿ ಕೈ ಹಳೆಯ ರೂಢಿಯಂತೆ ಹಿಂದಿನ ಬ್ರೇಕ್ ಅಂದುಕೊಂಡು ಎಡಗೈ ಗಟ್ಟಿ ಹಿಡಿದರೆ ಒದ್ದೆ ಕಲ್ಲುಹಾಸಿನ ಮೇಲೆ ಮುಂದಿನ ಚಕ್ರ ಜಾರುತ್ತದೆ. ಕೆಲವು ಬಾಡಿಗೆ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೂ ಬ್ರೇಕ್ ಬೀಳುತ್ತದೆ. ಸಿಗ್ನಲ್‌ನಲ್ಲಿ ಪೆಡಲ್ ಸರಿಮಾಡಿಕೊಳ್ಳಲು ಹಿಂದಕ್ಕೆ ತಿರುಗಿಸುವ ಅಭ್ಯಾಸ ಇದ್ದರೆ ಸೈಕಲ್ ಗಕ್ಕನೆ ನಿಲ್ಲುತ್ತದೆ. ಬಾಡಿಗೆಗೆ ಪಡೆದ ತಕ್ಷಣ ಖಾಲಿ ಜಾಗದಲ್ಲಿ ಹತ್ತು ನಿಮಿಷ ಬರೀ ನಿಲ್ಲಿಸುವುದನ್ನೇ ಮಾಡಿ. ರಸ್ತೆಯಲ್ಲಿ ಬಲಗಡೆ ಹೋಗಬೇಕು ಅನ್ನುವುದು ನೇರ ದಾರಿಯಲ್ಲಿ ಮರೆಯುವುದಿಲ್ಲ. ಮರೆಯುವುದು ಕಾಫಿ ಕುಡಿದು ಖಾಲಿ ರಸ್ತೆಗೆ ಮತ್ತೆ ಇಳಿಯುವಾಗ. ವಿಯೆನ್ನಾ, ಲಿಂಟ್ಸ್‌ಗಳಲ್ಲಿ ಟ್ರಾಮ್ ಹಳಿಗಳನ್ನು ಅಡ್ಡವಾಗಿ, ನೇರ ಕೋನದಲ್ಲಿ ದಾಟಿ.

ನಿಮ್ಮದೇ ಸೈಕಲ್ ಒಯ್ದರೆ ಮೈಗೆ ಒಗ್ಗಿದ ಸೈಕಲ್ ಸಿಗುತ್ತದೆ. ಆದರೆ ಬಿಚ್ಚಿ ಪೆಟ್ಟಿಗೆಗೆ ತುಂಬಬೇಕು, ವಿಮಾನದವರ ತೂಕ, ಶುಲ್ಕ ನೋಡಬೇಕು, ದಾರಿಯಲ್ಲಿ ಏನಾದರೂ ಬಾಗಿದರೆ ಮೊದಲ ದಿನ ರಿಪೇರಿ ಅಂಗಡಿ ಹುಡುಕಬೇಕು. ನಿಮಗೆ ನನ್ನ ಸಲಹೆ ನಡುವಿನ ದಾರಿ: ಸೈಕಲ್ ಬಾಡಿಗೆಗೆ, ಸೀಟು ಮನೆಯಿಂದ. ಪಳಗಿದ ನಿಮ್ಮ ಸೀಟನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ, ಅಲ್ಲಿ ಜೋಡಿಸಲು ಐದು ನಿಮಿಷ. ಎರಡೂ ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದ ತನಕ ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ, ಅಲ್ಲೂ ಅಷ್ಟೇ ಎತ್ತರ ಇಡಿ. ಬ್ಯಾಟರಿ ಸೈಕಲ್ ಬೇಕಾದರೂ ಅಲ್ಲೇ ಬಾಡಿಗೆಗೆ ತಗೊಳ್ಳಿ. ಇಲ್ಲಿಂದ ಒಯ್ಯಲು ಆಗುವುದಿಲ್ಲ, 160 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನಕ್ಕೆ ಬಿಡುವುದಿಲ್ಲ.

ಚೀಲವನ್ನು ಊರಿಂದೂರಿಗೆ ಗಾಡಿಯಲ್ಲಿ ಸಾಗಿಸುವ ಏಜೆನ್ಸಿಗಳೂ ಈ ದಾರಿಯಲ್ಲಿವೆ. ಮಂಡಿಗೆ ಅದು ವರ. ಆದರೆ ಚೀಲ ಮುಂದಿನ ಊರಿಗೆ ಹೋಗಿಬಿಟ್ಟ ಮೇಲೆ ನೀವೂ ಹೋಗಲೇಬೇಕು, 'ಇವತ್ತು ಇಲ್ಲೇ ಇರೋಣ' ಅನ್ನುವ ಹಾಗಿಲ್ಲ. ನಿಮ್ಮಂಥ ಮೊದಲ ಪ್ರವಾಸಕ್ಕೆ ಆ ಸ್ವಾತಂತ್ರ್ಯ ಬೇಕು. ಕೋಣೆಗಳಲ್ಲೇ ಮಲಗುವುದಾದರೆ ಹತ್ತು ಕೆ.ಜಿ.ಗಿಂತ ಜಾಸ್ತಿ ಸಾಮಾನು ಬೇಕಾಗುವುದೂ ಇಲ್ಲ.

ಊಟ. ಆಸ್ಟ್ರಿಯಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದಲ್ಲಿ ಮಾತ್ರ ಸಿಗುತ್ತದೆ. ಶನಿವಾರವೇ ಬ್ರೆಡ್ಡು, ಹಣ್ಣು ಕೊಂಡಿಟ್ಟುಕೊಳ್ಳಿ. ಸಣ್ಣ ಊರಿನ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಅಡುಗೆಮನೆ ಬಂದ್ ಇರಬಹುದು. ತಿಳಿ ಸೂಪು ಕಂಡರೆ ಯಾವುದರಿಂದ ಮಾಡಿದ್ದು ಅಂತ ಕೇಳಿ, ಅದು ಸಾಮಾನ್ಯವಾಗಿ ದನದ ಮಾಂಸದ ಸಾರು. ಚೀಸ್ ಹಾಕಿದ ಷ್ಪೆಟ್ಸ್ಲೆ (ಶಾವಿಗೆಯಂಥ ಹಿಟ್ಟಿನ ತಿನಿಸು), ಆಲೂಗೆಡ್ಡೆ, ಸಿಹಿ ಕಡುಬು ಸಿಗುತ್ತದೆ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ ಬೇಡ, ಹೊರದೇಶದ ಹಾಲಿನ ಪದಾರ್ಥಗಳನ್ನು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ.

ವೀಸಾ ಅರ್ಜಿ ಯಾವ ದೇಶಕ್ಕೆ ಅನ್ನುವುದು ರಾತ್ರಿಗಳ ಲೆಕ್ಕ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ, ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲೆ ಹೇಳಿದಂತೆ ಹೋದರೆ ಆಸ್ಟ್ರಿಯಾದಲ್ಲಿ ಎಂಟು ರಾತ್ರಿ. ಆದರೆ ಮೊದಲು ತಮ್ಮನ ಮನೆಯಲ್ಲಿ ಹತ್ತು ದಿನ ಇದ್ದರೆ ಜರ್ಮನಿಯೇ ಮುಂದಾಗುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋ ಇರಬೇಕು, ಸೈಕಲ್ ಪ್ರವಾಸದಲ್ಲಾಗುವ ಅಪಘಾತವನ್ನು ಸಾಹಸ ಕ್ರೀಡೆ ಅಂತ ಹೊರಗಿಟ್ಟಿದ್ದಾರಾ ಅಂತ ಸಣ್ಣ ಅಕ್ಷರದಲ್ಲಿ ಓದಿ. ಕೋಣೆಗಳನ್ನು ರದ್ದು ಮಾಡಬಹುದಾದ ದರದಲ್ಲಿ ಕಾಯ್ದಿರಿಸಿ.

ಕೊನೆಯದಾಗಿ, ವಾಪಸ್ ವಿಮಾನವನ್ನು ಬುಡಾಪೆಸ್ಟ್‌ನಿಂದ ಮಾಡಬೇಡಿ, ವಿಯೆನ್ನಾದಿಂದ ಮಾಡಿ, ವಿಯೆನ್ನಾ ತಲುಪುವ ದಿನಕ್ಕೂ ವಿಮಾನಕ್ಕೂ ನಡುವೆ ಒಂದು ವಾರ ಬಿಡಿ. ಅಲ್ಲಿಯ ತನಕ 330 ಕಿ.ಮೀ. ಆಗಿರುತ್ತದೆ. ಮಂಡಿ, ಸೀಟು ಎರಡೂ ಚೆನ್ನಾಗಿದ್ದರೆ ಮುಂದೆ ತುಳಿಯಿರಿ, ಬುಡಾಪೆಸ್ಟ್‌ನಿಂದ ರೈಲಿನಲ್ಲಿ ಮೂರು ಗಂಟೆಯೊಳಗೆ ವಾಪಸ್ ಬರಬಹುದು. ಸೈಕಲ್ ಬಾಡಿಗೆಯನ್ನೂ ವಿಯೆನ್ನಾ ತನಕ ಅಂತಲೇ ಮಾತಾಡಿ, ಬೇಕಾದರೆ ಮುಂದುವರಿಸಲು ಆಗುತ್ತದಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಆಗುವುದಿಲ್ಲ ಅಂದರೆ ಆಮೇಲಿನ ದಿನಗಳಿಗೆ ವಿಯೆನ್ನಾದಲ್ಲೇ ಬೇರೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಅದರ ಬ್ರೇಕನ್ನೂ ಹತ್ತು ನಿಮಿಷ ನೋಡಿಕೊಂಡು ಹೊರಡಿ.